‘ನೆಕ್ ಆ್ಯಂಡ್ ನೆಕ್’: ಒಂದು ಇಂಗ್ಲಿಷ್ ನುಡಿಗಟ್ಟಿನ ಅರ್ಥ, ಬಳಕೆ ಮತ್ತು ಅದನ್ನು ಎರಡು ಸಲ ಕಲಿಸಿದ ಅನುಭವ

ಅಭ್ಯಾಸ ಬೋಧನೆಗೆ ಹೊರಟಾಗ ಇಂಗ್ಲಿಷ್ ನುಡಿಗಟ್ಟುಗಳ ಪಾಠ ನಮ್ಮಲ್ಲಿ ಹೆಚ್ಚಿನವರಿಗೆ ಸುಲಭದ ಪಾಠವೆಂದೇ ತೋರುತ್ತದೆ. ಕಪ್ಪುಹಲಗೆಯ ಎಡಕ್ಕೆ ನುಡಿಗಟ್ಟು, ಬಲಕ್ಕೆ ಕನ್ನಡ ಅರ್ಥ, ಕೆಳಗೆ ‘ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂಬ ಸೂಚನೆ. ಹತ್ತು ನುಡಿಗಟ್ಟು ಬರೆಸಿದರೆ ನಲವತ್ತು ನಿಮಿಷ ಮುಗಿಯುತ್ತದೆ, ಅವಲೋಕನ ಪುಸ್ತಕದಲ್ಲಿ ಸಹಿಯೂ ಬೀಳುತ್ತದೆ. 2024ರ ನವೆಂಬರ್‌ನಲ್ಲಿ ನನ್ನನ್ನು ದೋಣಿಮಲೈ ಕಡೆಯ ಒಂದು ಪ್ರೌಢಶಾಲೆಗೆ ಹಾಕಿದಾಗ ಒಂಬತ್ತನೆಯ ತರಗತಿಗೆ ನಾನು ಸಿದ್ಧಮಾಡಿಕೊಂಡ ಪಾಠಯೋಜನೆಯೂ ಇದೇ ಮಾದರಿಯದು. ಅದರಲ್ಲಿದ್ದ ಹತ್ತರಲ್ಲಿ ಒಂದು ನುಡಿಗಟ್ಟು ‘ನೆಕ್ ಆ್ಯಂಡ್ ನೆಕ್’. ಉಳಿದ ಒಂಬತ್ತನ್ನು ಮಕ್ಕಳು ಬರೆದುಕೊಂಡು ಮರೆತರು. ಈ ಒಂದು ಮಾತ್ರ ನನ್ನನ್ನು ಮತ್ತೊಂದು ವಾರ ಅದೇ ತರಗತಿಗೆ ಎಳೆದೊಯ್ದಿತು. ಆ ಎರಡು ಪಾಠಗಳನ್ನೂ ನಡುವೆ ನಾನು ಓದಿಕೊಂಡದ್ದನ್ನೂ ಇಲ್ಲಿ ಬರೆದಿದ್ದೇನೆ. ಇದೇ ಘಟಕವನ್ನು ಮುಂದೆ ಕಲಿಸುವ ಸಹ ಪ್ರಶಿಕ್ಷಣಾರ್ಥಿಗಳಿಗೆ ನಾನು ಎಡವಿದ ಜಾಗಗಳಾದರೂ ತಿಳಿದಿರಲಿ.

ತರಗತಿಯ ಹಿನ್ನೆಲೆ

ದೋಣಿಮಲೈ ಸಂಡೂರು ತಾಲ್ಲೂಕಿನ ಗಣಿ ಊರು. 1977ರಿಂದ ಎನ್‌ಎಂಡಿಸಿಯ ಕಬ್ಬಿಣದ ಅದಿರಿನ ಗಣಿ ಇಲ್ಲಿದೆ. ಅದರ ನೌಕರರಿಗಾಗಿ ಕಟ್ಟಿದ ಟೌನ್‌ಶಿಪ್ಪಿನಲ್ಲಿ ಬೇರೆ ಬೇರೆ ರಾಜ್ಯಗಳ ಕುಟುಂಬಗಳಿವೆ. ನಾನು ಹೋದ ಶಾಲೆಗೆ ಬರುವವರು ಮಾತ್ರ ಬಹುತೇಕ ಸುತ್ತಲ ಹಳ್ಳಿ ಮತ್ತು ತಾಂಡಾಗಳ ಮಕ್ಕಳು. ಅದಿರಿನ ಲಾರಿ ಓಡಿಸುವವರ ಮಕ್ಕಳು, ಮೆಕ್ಕೆಜೋಳ ಬೆಳೆಯುವವರ ಮಕ್ಕಳು, ಕೂಲಿಯವರ ಮಕ್ಕಳು. ಮನೆಯ ಮಾತು ಕೆಲವರದು ಕನ್ನಡ, ಕೆಲವರದು ಲಂಬಾಣಿ, ಇನ್ನು ಕೆಲವರದು ತೆಲುಗು ಅಥವಾ ಉರ್ದು. ಇಂಗ್ಲಿಷ್ ಯಾರ ಮನೆಯದೂ ಅಲ್ಲ. ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಅಂಕಣದ ಕೆಳಗೆ ನಾನು ‘ವಿದ್ಯಾರ್ಥಿಗಳು ಓಟದ ಸ್ಪರ್ಧೆಯ ಬಗ್ಗೆ ತಿಳಿದಿರುತ್ತಾರೆ’ ಎಂದು ಬರೆದಿದ್ದೆ. ಈ ಭಾಷೆಗಳ ಬಗ್ಗೆ ಒಂದಕ್ಷರವೂ ಬರೆದಿರಲಿಲ್ಲ.

ಸಂಡೂರು ವಿಧಾನಸಭಾ ಕ್ಷೇತ್ರದ ಉಪಚುನಾವಣೆಯೂ ಅದೇ ತಿಂಗಳು. ನವೆಂಬರ್ 13ಕ್ಕೆ ಮತದಾನ, 23ಕ್ಕೆ ಎಣಿಕೆ. ಊರೆಲ್ಲ ಅದೇ ಮಾತು. ಟಿವಿಯಲ್ಲಿ ‘ನೆಕ್ ಟು ನೆಕ್ ಫೈಟ್’ ಎಂಬ ಪದ ಮಕ್ಕಳ ಕಿವಿಗೆ ಬಿದ್ದೇ ಇತ್ತು. ಹಾಗಾಗಿ ಪಾಠ ತಾನಾಗಿ ಸಾಗುತ್ತದೆ ಎಂದುಕೊಂಡೆ.

ಮೊದಲ ಪಾಠ

ಪೀಠಿಕೆಗೆ ಹಂಪಿಯ ಹಜಾರ ರಾಮ ದೇವಸ್ಥಾನದ ಪ್ರಾಕಾರದ ಗೋಡೆಯ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿಕೊಂಡು ಹೋಗಿದ್ದೆ. ಆ ಗೋಡೆಯ ಹೊರಮೈಯಲ್ಲಿ ಆನೆ, ಕುದುರೆ, ಸೈನಿಕರು, ನರ್ತಕಿಯರ ಸಾಲುಗಳಿವೆ. ಕುದುರೆಯ ಕುತ್ತಿಗೆ ತೋರಿಸಿ ನುಡಿಗಟ್ಟಿಗೆ ಬರುವುದು ನನ್ನ ಲೆಕ್ಕ. ಚಿತ್ರ ಎತ್ತಿ ಹಿಡಿದ ತಕ್ಷಣ ಮುಂದಿನ ಬೆಂಚಿನ ಹುಡುಗಿಯೊಬ್ಬಳು, “ಇವು ಒಂದರ ಹಿಂದ ಒಂದು ಅದಾವಲ್ರಿ ಮೇಡಂ” ಎಂದಳು. ಸರಿಯಾದ ಮಾತು. ಗೋಡೆಯ ಮೇಲಿನ ಕುದುರೆಗಳು ಮೆರವಣಿಗೆಯಲ್ಲಿ ಹೋಗುತ್ತಿವೆ, ಪಂದ್ಯದಲ್ಲಿ ಓಡುತ್ತಿಲ್ಲ. ವಿಜಯನಗರದ ಕುದುರೆ ವ್ಯಾಪಾರದ ಬಗ್ಗೆ ಪೇಸ್, ನೂನಿಜ್ ಬರೆದದ್ದನ್ನು ಎರಡು ಮಾತು ಹೇಳಿ ಜಾರಿಕೊಂಡೆ. ಉಪಕರಣ ಚೆಂದವಿದೆ ಎಂದು ತಂದೆನೇ ಹೊರತು ಅದು ನುಡಿಗಟ್ಟನ್ನು ತೋರಿಸುತ್ತದೆಯೇ ಎಂದು ನೋಡಿರಲಿಲ್ಲ.

ಹಲಗೆಯ ಮೇಲೆ ಹೀಗೆ ಬರೆದೆ: ‘ನೆಕ್ ಆ್ಯಂಡ್ ನೆಕ್: ಕುತ್ತಿಗೆಗೆ ಕುತ್ತಿಗೆ, ತುರುಸಿನ ಸ್ಪರ್ಧೆ.’ ಆಮೇಲೆ ಸ್ವಂತ ವಾಕ್ಯ ಬರೆಯಿಸಿದೆ. ಬಂದ ವಾಕ್ಯಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

‘ಮೈ ಫಾದರ್ ಈಸ್ ನೆಕ್ ಆ್ಯಂಡ್ ನೆಕ್ ಇನ್ ಲೋನ್.’

‘ಐ ಆ್ಯಂಡ್ ಮೈ ಫ್ರೆಂಡ್ ಆರ್ ನೆಕ್ ಆ್ಯಂಡ್ ನೆಕ್ ಇನ್ ಆಲ್ ವರ್ಕ್.’

‘ದ ಮ್ಯಾಚ್ ವಾಸ್ ನೆಕ್ ಆ್ಯಂಡ್ ನೆಕ್. ಇಂಡಿಯಾ ವನ್ ಬೈ ಟೆನ್ ವಿಕೆಟ್ಸ್.’

ಮೂರನ್ನೂ ತಪ್ಪೆಂದು ಹೊಡೆದು ಹಾಕಿದೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ. ತರಗತಿಯಲ್ಲಿ ಹೆಚ್ಚು ಮಾತಾಡದವನು. “ಎತ್ತಿನ ಕೊಳ್ಳಾಗ ನೊಗ ಇರ್ತೈತಲ್ರಿ ಮೇಡಂ, ಅವು ಯಾವಾಗ್ಲೂ ಸಮಾನ ಇರ್ತಾವು. ಹಂಗಾರ ಅವು ನೆಕ್ ಆ್ಯಂಡ್ ನೆಕ್ ಏನ್ರಿ?” ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಗಡಿಯಾರ ನೋಡಿದೆ, ಇನ್ನೂ ನಾಲ್ಕು ನುಡಿಗಟ್ಟು ಬಾಕಿ ಇದ್ದವು. “ಈಗ ಎತ್ತಿನ ವಿಷಯ ಬೇಡಪ್ಪ, ಕೂತ್ಕೋ” ಎಂದೆ. ತರಗತಿ ನಕ್ಕಿತು. ಹುಡುಗ ಕೂತ.

ಆಮೇಲಿನ ಎರಡು ದಿನ ಆಟದ ಹೊತ್ತಿನಲ್ಲಿ ಅವನನ್ನು ‘ಎತ್ತು’ ಎಂದು ಕರೆಯುತ್ತಿದ್ದರಂತೆ. ಮೂರನೆಯ ದಿನ ಅವನು ಶಾಲೆಗೆ ಬರಲಿಲ್ಲ. ಇದನ್ನು ನನಗೆ ಹೇಳಿದ್ದು ಅದೇ ಮುಂದಿನ ಬೆಂಚಿನ ಹುಡುಗಿ. ಅವಲೋಕನ ಪುಸ್ತಕದಲ್ಲಿ ಮಾತ್ರ ‘ತರಗತಿ ನಿರ್ವಹಣೆ: ಉತ್ತಮ’ ಎಂದಿತ್ತು.

ತಪ್ಪುಗಳನ್ನು ಮತ್ತೆ ಓದಿದಾಗ

ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಆ ನೋಟ್‌ಬುಕ್ಕುಗಳನ್ನು ತರಿಸಿ ಓದಿದರು. “ಈ ಮೂರು ವಾಕ್ಯಾನೂ ಮಕ್ಕಳ ತಪ್ಪಲ್ಲಮ್ಮ, ನೀವು ಬಲಗಡೆ ಬರೆದ ಅರ್ಥದ ತಪ್ಪು” ಎಂದರು. ಮೊದಲು ಬೇಸರವಾಯಿತು, ಆಮೇಲೆ ಒಂದೊಂದಾಗಿ ನೋಡಿದೆ.

ಮೊದಲ ವಾಕ್ಯ ಬರೆದವನ ತಲೆಯಲ್ಲಿ ಇದ್ದದ್ದು ಕನ್ನಡದ ‘ಕುತ್ತಿಗೆಗೆ ಬಂತು’. ಸಾಲ ಕುತ್ತಿಗೆಗೆ ಬಂತು, ಕೆಲಸ ಕುತ್ತಿಗೆಗೆ ಬಂತು ಎನ್ನುತ್ತೇವೆ. ಕನ್ನಡದಲ್ಲಿ ಕುತ್ತಿಗೆ ಬಂದರೆ ಆಪತ್ತು ಬಂತೆಂದೇ ಅರ್ಥ. ಕುತ್ತಿಗೆ ಹಿಸುಕು, ಕುತ್ತಿಗೆ ಕೊಯ್ಯಿ, ಕುತ್ತಿಗೆ ಪಟ್ಟಿ ಹಿಡಿ, ಎಲ್ಲವೂ ಅದೇ ಜಾಡಿನವು. ಸಾಲದಲ್ಲಿ ಮುಳುಗಿದ್ದನ್ನು ಹೇಳಲು ಇಂಗ್ಲಿಷಿನಲ್ಲಿ ಇರುವುದು ‘ಅಪ್ ಟು ದ ನೆಕ್ ಇನ್ ಡೆಟ್’. ಹುಡುಗ ಬಹಳ ದೂರ ಹೋಗಿರಲಿಲ್ಲ, ಪಕ್ಕದ ಮನೆಯ ಬಾಗಿಲು ತಟ್ಟಿದ್ದ.

ಎರಡನೆಯ ವಾಕ್ಯ ಬರೆದವಳ ಮನಸ್ಸಿನಲ್ಲಿ ಇದ್ದದ್ದು ‘ಹೆಗಲಿಗೆ ಹೆಗಲು ಕೊಟ್ಟು’. ಅದು ಸಹಕಾರದ ಮಾತು. ಇಂಗ್ಲಿಷಿನ ‘ಶೋಲ್ಡರ್ ಟು ಶೋಲ್ಡರ್’ ಕೂಡ ಹಾಗೆಯೇ. ಹೆಗಲಿನಿಂದ ಕುತ್ತಿಗೆಗೆ ಒಂದು ಗೇಣು ದೂರ, ಅರ್ಥದಲ್ಲಿ ಮಾತ್ರ ಒಂದು ಸ್ನೇಹ, ಇನ್ನೊಂದು ಪೈಪೋಟಿ.

ಮೂರನೆಯದು ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ನಾನು ಕೊಟ್ಟ ‘ತುರುಸಿನ ಸ್ಪರ್ಧೆ’ ಎಂಬ ಅರ್ಥವೇ ಅಲ್ಲಿ ಎಡವಟ್ಟು ಮಾಡಿತ್ತು. ಸ್ಪರ್ಧೆಯ ಬಗ್ಗೆ ಕನ್ನಡದಲ್ಲಿ ನಮಗಿರುವ ಪದಗಳನ್ನು ಒಮ್ಮೆ ಸಾಲಾಗಿ ಹೇಳಿಕೊಂಡು ನೋಡಿ: ತುರುಸಿನ ಸ್ಪರ್ಧೆ, ಜಿದ್ದಾಜಿದ್ದಿ, ಹಣಾಹಣಿ, ಪೈಪೋಟಿ, ನಾನಾ ನೀನಾ. ಇವೆಲ್ಲ ಸ್ಪರ್ಧೆಯ ಬಿಸಿಯನ್ನು ಹೇಳುತ್ತವೆ. ‘ಜಿದ್ದು’ ಎಂದರೆ ಹಟ. ‘ಹಣಿ’ ಎಂದರೆ ಬಡಿ, ಹೊಡೆ. ಇಬ್ಬರು ಎಷ್ಟು ಹಟದಿಂದ ಹೊಡೆದಾಡಿದರು ಎಂಬುದನ್ನು ಇವು ಹೇಳುತ್ತವೆಯೇ ಹೊರತು ಎಷ್ಟು ಸಮೀಪದಲ್ಲಿದ್ದರು ಎಂಬುದನ್ನಲ್ಲ. ಸಮೀಪವನ್ನು ಹೇಳುವ ಮಾತುಗಳು ಬೇರೆ ಇವೆ: ಸಮಸಮ, ಸಮಬಲದ ಹೋರಾಟ, ಕೂದಲೆಳೆಯ ಅಂತರ. ‘ನೇರ ಹಣಾಹಣಿ’ ಎಂದರೆ ಅದು ಮೂರನೆಯ ಸಂಗತಿ, ಕಣದಲ್ಲಿ ಲೆಕ್ಕಕ್ಕೆ ಬರುವವರು ಇಬ್ಬರೇ ಎಂದು.

ಇಂಗ್ಲಿಷಿನ ‘ನೆಕ್ ಆ್ಯಂಡ್ ನೆಕ್’ ಬಿಸಿಯ ಬಗ್ಗೆ ಏನೂ ಹೇಳುವುದಿಲ್ಲ. ಅದು ಹೇಳುವುದು ಅಂತರವಿಲ್ಲ ಎಂಬುದನ್ನು ಮಾತ್ರ. ಇಬ್ಬರು ಗೆಳತಿಯರು ನಗುನಗುತ್ತಾ ಓಡಿದರೂ ಸಮಸಮ ಇದ್ದರೆ ಅದು ನೆಕ್ ಆ್ಯಂಡ್ ನೆಕ್. ಇಬ್ಬರು ಬದ್ಧವೈರಿಗಳು ಹಲ್ಲು ಕಚ್ಚಿ ಓಡಿದರೂ ಒಬ್ಬ ಹತ್ತು ಮಾರು ಮುಂದಿದ್ದರೆ ಅಲ್ಲ. ನಮ್ಮ ಜಿಲ್ಲೆಯವರಿಗೆ ಇದಕ್ಕೆ ಒಳ್ಳೆಯ ಉದಾಹರಣೆ 1999ರ ಬಳ್ಳಾರಿ ಲೋಕಸಭಾ ಚುನಾವಣೆ. ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರಾದ ಆ ಚುನಾವಣೆಯನ್ನು ದೇಶವೇ ನೋಡಿತು. ಸುಷ್ಮಾ ಸ್ವರಾಜ್ ಕನ್ನಡ ಕಲಿತು ಕನ್ನಡದಲ್ಲಿ ಭಾಷಣ ಮಾಡಿದ್ದನ್ನು ನಮ್ಮ ಹಿರಿಯರು ಈಗಲೂ ನೆನೆಯುತ್ತಾರೆ. ಜಿದ್ದಾಜಿದ್ದಿ ಎನ್ನಲು ಅದಕ್ಕಿಂತ ಬೇರೆ ಬೇಕಿಲ್ಲ. ಆದರೆ ಸೋನಿಯಾ ಗೆದ್ದದ್ದು ಸುಮಾರು 56 ಸಾವಿರ ಮತಗಳಿಂದ. ಆ ಫಲಿತಾಂಶವನ್ನು ಕೂದಲೆಳೆಯದು ಎನ್ನಲಾಗದು. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ! 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ 16. ಎಣಿಕೆ ನಡೆಯುತ್ತಿದ್ದಾಗ ಅಲ್ಲಿ ಕೂತವರಿಗೆ ನೆಕ್ ಆ್ಯಂಡ್ ನೆಕ್ ಎಂದರೇನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ನುಡಿಗಟ್ಟು ಬಂದ ದಾರಿ ಮತ್ತು ಅದರ ನೆಂಟರು

ಇದು ಕುದುರೆ ಪಂದ್ಯದಿಂದ ಬಂದ ಮಾತು. 18ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನಲ್ಲಿ ಬಳಕೆಯಲ್ಲಿತ್ತು. ಎರಡು ಕುದುರೆಗಳು ಅಕ್ಕಪಕ್ಕ ಓಡುವಾಗ ಒಂದರ ಕುತ್ತಿಗೆ ಇನ್ನೊಂದರ ಕುತ್ತಿಗೆಯ ನೇರಕ್ಕೆ ಇದ್ದರೆ ಯಾವುದು ಮುಂದೆ ಎಂದು ಹೇಳಲಾಗದು. ಪಂದ್ಯದಲ್ಲಿ ಕುತ್ತಿಗೆ ಒಂದು ಅಳತೆಯೂ ಹೌದು. ಬೆಂಗಳೂರು, ಮೈಸೂರಿನ ರೇಸ್‌ಗಳ ಫಲಿತಾಂಶದಲ್ಲಿಯೂ ಗೆಲುವಿನ ಅಂತರವನ್ನು ಮೂಗು, ತಲೆ, ಕುತ್ತಿಗೆ, ಒಂದು ಕುದುರೆಯ ಉದ್ದ ಎಂಬ ಲೆಕ್ಕದಲ್ಲಿಯೇ ಹೇಳುತ್ತಾರೆ. ಕುತ್ತಿಗೆಯೆಂದರೆ ಕುದುರೆಯ ಉದ್ದದ ಸುಮಾರು ಕಾಲು ಭಾಗ. ಆದ್ದರಿಂದ ‘ವನ್ ಬೈ ಎ ನೆಕ್’ ಎಂದರೆ ಸ್ವಲ್ಪದರಲ್ಲಿ ಗೆದ್ದಿತು ಎಂದು. ‘ನೆಕ್ ಆ್ಯಂಡ್ ನೆಕ್’ ಎಂದರೆ ಯಾರೂ ಇನ್ನೂ ಗೆದ್ದಿಲ್ಲ. ಈ ಎರಡನ್ನು ಮಕ್ಕಳು ಕಲಸಿಕೊಳ್ಳುತ್ತಾರೆ, ನಾವೂ ಕಲಸಿಕೊಳ್ಳುತ್ತೇವೆ.

ವ್ಯಾಕರಣದ ಕಡೆಯಿಂದ ಮೂರು ಮಾತು ಸಾಕು. ಕ್ರಿಯಾಪದದ ನಂತರ ಬಂದಾಗ ‘ದ ಟೂ ರನ್ನರ್ಸ್ ಆರ್ ನೆಕ್ ಆ್ಯಂಡ್ ನೆಕ್’, ‘ದೇ ರ್‍ಯಾನ್ ನೆಕ್ ಆ್ಯಂಡ್ ನೆಕ್’ ಎಂದಾಗುತ್ತದೆ. ನಾಮಪದದ ಮೊದಲು ಬಂದರೆ ಮೂರು ಪದಗಳ ನಡುವೆ ಅಡ್ಡಗೆರೆ ಹಾಕುವುದು ರೂಢಿ, ‘ಎ ನೆಕ್-ಆ್ಯಂಡ್-ನೆಕ್ ರೇಸ್’. ಒಬ್ಬನ ಬಗ್ಗೆಯೇ ಹೇಳುವುದಾದರೆ ‘ವಿತ್’ ಬೇಕೇ ಬೇಕು, ‘ಶೀ ಈಸ್ ನೆಕ್ ಆ್ಯಂಡ್ ನೆಕ್ ವಿತ್ ಹರ್ ಸಿಸ್ಟರ್’. ಒಂಟಿ ಕುದುರೆ ಸಮಸಮ ಓಡುವುದು ಹೇಗೆ?

ಇದರ ನೆಂಟರಲ್ಲಿ ‘ನಿಪ್ ಆ್ಯಂಡ್ ಟಕ್’ ಅಮೆರಿಕದ ಕಡೆಯದು. ಅದರಲ್ಲಿ ಒಮ್ಮೆ ಇವನು ಮುಂದೆ, ಒಮ್ಮೆ ಅವನು ಮುಂದೆ ಎಂಬ ಛಾಯೆ ಇರುತ್ತದೆ. ನಮ್ಮ ಪತ್ರಿಕೆಗಳು ಮತ ಎಣಿಕೆಯ ದಿನ ಬರೆಯುವ ‘ಹಾವು ಏಣಿ ಆಟ’ ಇದಕ್ಕೆ ಬಹಳ ಹತ್ತಿರ. ಅದೇ ಮಾತಿಗೆ ಈಗ ಮುಖದ ಸುಕ್ಕು ತೆಗೆಯುವ ಶಸ್ತ್ರಚಿಕಿತ್ಸೆ ಎಂಬ ಅರ್ಥವೂ ಇರುವುದರಿಂದ ಒಂಬತ್ತನೆಯ ತರಗತಿಗೆ ಅದನ್ನು ತರದಿರುವುದೇ ಲೇಸು. ‘ಡೆಡ್ ಹೀಟ್’ ಎಂದರೆ ಇಬ್ಬರೂ ಒಟ್ಟಿಗೆ ಗುರಿ ಮುಟ್ಟಿದ್ದು. ‘ಫೋಟೋ ಫಿನಿಶ್’ ಎಂದರೆ ಕಣ್ಣಿಗೆ ತಿಳಿಯದೆ ಚಿತ್ರ ನೋಡಿ ತೀರ್ಮಾನಿಸಿದ್ದು. ‘ಬ್ರೀದಿಂಗ್ ಡೌನ್ ಸಮ್‌ಒನ್ಸ್ ನೆಕ್’ ಎಂಬುದರಲ್ಲಿಯೂ ಕುತ್ತಿಗೆ ಇದೆ, ಆದರೆ ಅಲ್ಲಿ ಎದುರಾಳಿ ಪಕ್ಕದಲ್ಲಿಲ್ಲ, ಬೆನ್ನ ಹಿಂದೆಯೇ ಇದ್ದಾನೆ.

‘ಟು’ ಎಲ್ಲಿಂದ ಬಂತು

ಮಕ್ಕಳ ನೋಟ್‌ಬುಕ್ಕಿನಲ್ಲಿ ಹಲವರು ನಾನು ಹಲಗೆಯ ಮೇಲೆ ಬರೆದ ‘ಆ್ಯಂಡ್’ ಬಿಟ್ಟು ‘ನೆಕ್ ಟು ನೆಕ್’ ಎಂದು ಬರೆದಿದ್ದರು. ಕೆಂಪು ಗೆರೆ ಎಳೆದಿದ್ದೆ. ಒಬ್ಬಳು, “ಟಿವಿನಾಗ ಹಂಗ ಅಂತಾರಲ್ರಿ” ಎಂದು ವಾದಿಸಿದಳು. ಅವಳು ಹೇಳಿದ್ದು ನಿಜ. ನಮ್ಮ ದೇಶದ ಇಂಗ್ಲಿಷಿನಲ್ಲಿ, ಕನ್ನಡ ಸುದ್ದಿವಾಹಿನಿಗಳಲ್ಲಿ ‘ನೆಕ್ ಟು ನೆಕ್’ ಎಂಬುದೇ ಹೆಚ್ಚು ಕೇಳುತ್ತದೆ.

ಇದು ಸುಮ್ಮನೆ ಹುಟ್ಟಿದ ತಪ್ಪಲ್ಲ ಎಂದು ನನಗೆ ಆಮೇಲೆ ತೋರಿತು. ಕನ್ನಡದಲ್ಲಿ ಎರಡು ಅಂಗಗಳನ್ನು ಜೋಡಿಸುವಾಗ ನಾವು ‘ಗೆ’ ಪ್ರತ್ಯಯ ಹಾಕುತ್ತೇವೆ: ಹೆಗಲಿಗೆ ಹೆಗಲು, ಬೆನ್ನಿಗೆ ಬೆನ್ನು, ಕೈಗೆ ಕೈ. ಆ ‘ಗೆ’ ಇಂಗ್ಲಿಷಿಗೆ ಹೋಗುವಾಗ ‘ಟು’ ಆಗುತ್ತದೆ. ಇಂಗ್ಲಿಷಿನಲ್ಲಿಯೂ ‘ಫೇಸ್ ಟು ಫೇಸ್’, ‘ಬ್ಯಾಕ್ ಟು ಬ್ಯಾಕ್’, ‘ಶೋಲ್ಡರ್ ಟು ಶೋಲ್ಡರ್’ ಇವೆ. ಇಷ್ಟೆಲ್ಲ ಸಾಕ್ಷಿ ಇದ್ದ ಮೇಲೆ ಮಗು ‘ನೆಕ್ ಟು ನೆಕ್’ ಎಂದು ಬರೆದರೆ ಅದು ನಿಯಮ ಗೊತ್ತಿಲ್ಲದೆ ಬರೆದದ್ದಲ್ಲ, ನಿಯಮ ಗೊತ್ತಿದ್ದೇ ಬರೆದದ್ದು. ಇಂಗ್ಲಿಷ್ ಈ ಒಂದು ಕಡೆ ತನ್ನ ನಿಯಮ ತಾನೇ ಪಾಲಿಸಿಲ್ಲ, ಅಷ್ಟೆ. ಮೇಲಾಗಿ, ಹಲಗೆಯ ಮೇಲೆ ‘ಕುತ್ತಿಗೆಗೆ ಕುತ್ತಿಗೆ’ ಎಂದು ಬರೆದು ‘ಗೆ’ಯನ್ನು ಅವರ ಕೈಗೆ ಕೊಟ್ಟವಳು ನಾನೇ.

ಹಾಗಾದರೆ ಅಂಕ ಕೊಡುವುದೋ ಕತ್ತರಿಸುವುದೋ? ಆ ಶಾಲೆಯ ಇಂಗ್ಲಿಷ್ ಶಿಕ್ಷಕರ ಅಭಿಪ್ರಾಯ ಖಚಿತವಾಗಿತ್ತು: “ಮುಂದೆ ಎಸ್‌ಎಸ್‌ಎಲ್‌ಸಿಯಲ್ಲಿ ಮೌಲ್ಯಮಾಪಕರು ಒಪ್ಪದಿದ್ರೆ ಅಂಕ ಹೋಗೋದು ಇವರದ್ದು, ನಮ್ಮದಲ್ಲ.” ನಮ್ಮ ಮಾರ್ಗದರ್ಶಕರು ಬಳಕೆಯಲ್ಲಿರುವ ರೂಪವನ್ನು ತಪ್ಪೆನ್ನಲು ಹಿಂದೆಮುಂದೆ ನೋಡಿದರು. ನಾನು ಶಾಲೆಯ ಶಿಕ್ಷಕರ ಕಡೆಗೇ ವಾಲಿದೆ. ಬರವಣಿಗೆಯಲ್ಲಿ ‘ಆ್ಯಂಡ್’ ಎಂದೇ ಕಲಿಸಬೇಕು, ಆದರೆ ಮಾತಿನಲ್ಲಿ ‘ಟು’ ಎಂದವರನ್ನು ತಡೆಯಬಾರದು, ಎರಡೂ ಇವೆ ಎಂದು ಬಾಯಿಬಿಟ್ಟು ಹೇಳಬೇಕು. ಮಗು ಟಿವಿಯಲ್ಲಿ ಕೇಳಿದ್ದನ್ನು ಟೀಚರು ಇಲ್ಲವೇ ಇಲ್ಲ ಎಂದರೆ ನಂಬಿಕೆ ಹೋಗುವುದು ಟೀಚರ ಮೇಲೆ.

ಎರಡನೆಯ ಪಾಠ

ಒಂದು ವಾರದ ನಂತರ ಅದೇ ತರಗತಿಗೆ ಒಂದೇ ನುಡಿಗಟ್ಟಿನ ಪಾಠಯೋಜನೆ ಹಿಡಿದು ಹೋದೆ. ಹುಡುಗ ಬಂದಿದ್ದ. ಅವನನ್ನು ಎಬ್ಬಿಸಿ ಪ್ರಶ್ನೆಯನ್ನು ಮತ್ತೆ ಕೇಳಿಸಬೇಕೆಂದು ಯೋಜನೆಯಲ್ಲಿ ಬರೆದುಕೊಂಡಿದ್ದೆ. ಅವನ ಮುಖ ನೋಡಿದ ಮೇಲೆ ಅದು ಬೇಡವೆನಿಸಿತು. ನಾನೇ ಅವನ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದೆ: ‘ನೊಗಕ್ಕೆ ಕಟ್ಟಿದ ಎತ್ತುಗಳ ಕುತ್ತಿಗೆ ಸಮ ಇರುತ್ತದೆ. ಅವು ನೆಕ್ ಆ್ಯಂಡ್ ನೆಕ್ ಹೌದೋ ಅಲ್ಲವೋ?’ “ಹೋದ ವಾರ ಇದನ್ನ ಕೇಳಿದಾಗ ನನಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೇ ಕೂತ್ಕೋ ಅಂದೆ. ಇವತ್ತು ಎಲ್ಲರೂ ಸೇರಿ ಉತ್ತರ ಹುಡುಕೋಣ” ಎಂದೆ. ಈ ಸಲ ಯಾರೂ ನಗಲಿಲ್ಲ.

ಮೈದಾನಕ್ಕೆ ಹೋದೆವು. ಓಟದಲ್ಲಿ ಹೆಚ್ಚುಕಡಿಮೆ ಸಮನಾದ ಇಬ್ಬರು ಹುಡುಗಿಯರನ್ನು ಆರಿಸಿದೆವು. ಓಟದ ದಾರಿಯ ಪಕ್ಕದಲ್ಲಿ ಮೂರು ಕಡೆ ಮಕ್ಕಳ ಗುಂಪು ನಿಲ್ಲಿಸಿದೆ: ಆರಂಭದ ಹತ್ತಿರ ಒಂದು, ನಡುವೆ ಒಂದು, ಗುರಿಯ ಹಗ್ಗದ ಹತ್ತಿರ ಒಂದು. ಪ್ರತಿ ಗುಂಪೂ ತನ್ನ ಎದುರು ಕಂಡದ್ದನ್ನಷ್ಟೇ ಹೇಳಬೇಕು. ನಡುವಿನ ಗುಂಪು ಕೂಗಿತು, “ನೆಕ್ ಆ್ಯಂಡ್ ನೆಕ್!” ಹಗ್ಗದ ಗುಂಪು, “ಲಾಲ್ ರಿಬ್ಬನ್ನಿನಾಕಿ ಮುಂದ!” ಎಂದಿತು. ಎರಡೂ ಸರಿ. ನಡುವೆ ಸಮಸಮ, ಕೊನೆಗೆ ಒಬ್ಬಳ ಗೆಲುವು. ನುಡಿಗಟ್ಟು ಓಟದ ಮಾತು, ತೀರ್ಪಿನ ಮಾತಲ್ಲ ಎಂಬುದು ನಾನು ವಿವರಿಸದೆಯೇ ಬಂತು.

ಆಮೇಲೆ ಕಾಲಿಗೆ ಕಾಲು ಕಟ್ಟಿ ಮೂರು ಕಾಲಿನ ಓಟ ಓಡಿಸಿದೆ. ಒಂದೇ ಜೋಡಿ ಓಡಿತು. “ಈ ಇಬ್ಬರೂ ಅಕ್ಕಪಕ್ಕ ಸಮ ಇದ್ದಾರೆ. ನೆಕ್ ಆ್ಯಂಡ್ ನೆಕ್ ಅನ್ನಬಹುದಾ?” ಎಂದೆ. ಸ್ವಲ್ಪ ಹೊತ್ತು ಗದ್ದಲ. ಮುಂದಿನ ಬೆಂಚಿನ ಹುಡುಗಿ, “ಅವರು ಒಬ್ಬರನ್ನ ಬಿಟ್ಟು ಒಬ್ಬರು ಮುಂದ ಹೋಗಾಕ ಬರಂಗಿಲ್ರಿ” ಎಂದಳು. ಅಲ್ಲಿಗೆ ಉತ್ತರ ಸಿಕ್ಕಿತು. ಮುಂದೆ ಹೋಗುವ ಅವಕಾಶ ಇಬ್ಬರಿಗೂ ಇರಬೇಕು, ಇದ್ದೂ ಇಬ್ಬರೂ ಮುಂದೆ ಹೋಗಲಾಗದಿರಬೇಕು. ನೊಗದ ಎತ್ತುಗಳಿಗೆ ಆ ಅವಕಾಶವೇ ಇಲ್ಲ. ಅವು ಹೆಗಲಿಗೆ ಹೆಗಲು ಕೊಟ್ಟವು.

ಆಗ ಆ ಹುಡುಗ ಮೊದಲ ಸಲ ಬಾಯಿಬಿಟ್ಟ. ಕಲ್ಲು ಎಳೆಯುವ ಪಂದ್ಯದಲ್ಲಿ ಒಂದು ಜೋಡಿ ಎತ್ತಿಗೂ ಇನ್ನೊಂದು ಜೋಡಿಗೂ ಸ್ಪರ್ಧೆ ಇರುತ್ತದೆ, ಆದರೆ ಒಂದಾದ ಮೇಲೊಂದು ಎಳೆಸುತ್ತಾರೆ, ಅಕ್ಕಪಕ್ಕ ಅಲ್ಲ, ಹಾಗಿದ್ದರೆ ಏನನ್ನಬೇಕು ಎಂದ. ಇದು ನನ್ನ ಯೋಜನೆಯಲ್ಲಿ ಇರಲಿಲ್ಲ. ಎರಡು ಜೋಡಿ ಎಳೆದ ದೂರ ಅಡಿ ಲೆಕ್ಕದಲ್ಲಿ ಹತ್ತಿರ ಹತ್ತಿರ ಬರುತ್ತಿದ್ದರೆ ಧಾರಾಳವಾಗಿ ನೆಕ್ ಆ್ಯಂಡ್ ನೆಕ್ ಅನ್ನಬಹುದು ಎಂದೆ. ಮತ ಎಣಿಕೆಯಲ್ಲಿ ಅಭ್ಯರ್ಥಿಗಳು ಓಡುವುದಿಲ್ಲ, ಅಂಕಪಟ್ಟಿಯಲ್ಲಿ ವಿದ್ಯಾರ್ಥಿಗಳು ಓಡುವುದಿಲ್ಲ. ಲೆಕ್ಕ ಅಕ್ಕಪಕ್ಕ ಓಡಿದರೆ ಸಾಕು. ನುಡಿಗಟ್ಟು ಕುದುರೆಯಿಂದ ಇಳಿದು ಬೇರೆ ಕಡೆ ಹೇಗೆ ಬಂತೆಂದು ಹೇಳಲು ನಾನು ಯೋಚಿಸಿಟ್ಟಿದ್ದ ಉದಾಹರಣೆಗಿಂತ ಇದು ಚೆನ್ನಾಗಿತ್ತು.

ಮರಳಿ ತರಗತಿಗೆ ಬಂದ ಮೇಲೆ ನಿಮ್ಮ ನಿಮ್ಮ ಮನೆಯ ಮಾತಿನಲ್ಲಿ ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಿದೆ. ತೆಲುಗಿನ ಮಕ್ಕಳು ‘ನುವ್ವಾ ನೇನಾ’ ಎಂದರು. ಉರ್ದು ಮಾತಿನ ಹುಡುಗನೊಬ್ಬ ‘ಕಾಂಟೇ ಕೀ ಟಕ್ಕರ್’ ಎಂದ. ಕಾಂಟಾ ಎಂದರೆ ಮುಳ್ಳು, ತಕ್ಕಡಿಯ ಮುಳ್ಳೂ ಹೌದು. ಲಾರಿ ಚಾಲಕರೊಬ್ಬರ ಮಗ ತಟ್ಟನೆ, “ಲಾರಿ ತೂಕ ಮಾಡೋ ಕಾಟಾ ಐತಲ್ರಿ, ಅದಾ!” ಎಂದ. ಅದಿರಿನ ಊರಿನಲ್ಲಿ ಆ ಪದ ಎಲ್ಲರಿಗೂ ಗೊತ್ತು. ಮುಳ್ಳು ಆ ಕಡೆಗೂ ವಾಲದೆ ಈ ಕಡೆಗೂ ವಾಲದೆ ನಿಂತ ಚಿತ್ರ ಕುದುರೆಯ ಕುತ್ತಿಗೆಗಿಂತ ಬೇಗ ಅವರಿಗೆ ಹಿಡಿಸಿತು. ಲಂಬಾಣಿಯಲ್ಲಿ ಏನೆನ್ನುತ್ತಾರೆ ಎಂಬುದರ ಬಗ್ಗೆ ಮೂವರು ಹುಡುಗಿಯರು ಒಮ್ಮತಕ್ಕೆ ಬರಲಿಲ್ಲ, ಮನೆಯಲ್ಲಿ ಅವ್ವನನ್ನು ಕೇಳಿ ಬರುತ್ತೇವೆ ಎಂದರು.

ಚುನಾವಣೆಯ ಉದಾಹರಣೆ ಕೊಡುವಾಗ ಸಂಡೂರಿನ ಉಪಚುನಾವಣೆಯನ್ನು ನಾನು ಬೇಕೆಂದೇ ಮುಟ್ಟಲಿಲ್ಲ. ಎಷ್ಟೋ ಮನೆಗಳಲ್ಲಿ ಅದರ ಬಿಸಿ ಇನ್ನೂ ಇತ್ತು. ಮಕ್ಕಳು ತಮ್ಮ ಮನೆಯ ಪಕ್ಷವನ್ನು ತರಗತಿಗೆ ತಂದರೆ ನುಡಿಗಟ್ಟು ಮೂಲೆ ಸೇರುತ್ತದೆ. ಅದರ ಬದಲು ಸಂತೇಮರಹಳ್ಳಿಯ ಎರಡು ಸಂಖ್ಯೆಗಳನ್ನು ಹೆಸರಿಲ್ಲದೆ ಹಲಗೆಯ ಮೇಲೆ ಬರೆದೆ. ಕಳೆಯಿರಿ ಎಂದೆ. ಒಂದು ಎಂಬ ಉತ್ತರ ಬಂದಾಗ ತರಗತಿಯಲ್ಲಿ ಎದ್ದ ‘ಹೋ’ ಎಂಬ ದನಿ ಪಕ್ಕದ ತರಗತಿಯ ಶಿಕ್ಷಕರನ್ನು ಬಾಗಿಲಿಗೆ ತಂದಿತು. ಇನ್ನೊಂದು ಉದಾಹರಣೆ 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನದು. ಮಹಿಳೆಯರ 400 ಮೀಟರ್ ಹರ್ಡಲ್ಸ್‌ನಲ್ಲಿ ಕಂಚು ಪಡೆದ ರೊಮೇನಿಯಾದ ಓಟಗಾರ್ತಿಯ ಸಮಯ 55.41 ಸೆಕೆಂಡು, ನಾಲ್ಕನೆಯವಳಾದ ಪಿ.ಟಿ. ಉಷಾ ಅವರದು 55.42. ಫೋಟೋ ನೋಡಿ ತೀರ್ಮಾನಿಸಿದ ಓಟ ಅದು. ಸೆಕೆಂಡಿನ ನೂರನೆಯ ಒಂದು ಭಾಗ ಎಷ್ಟೆಂದು ತೋರಿಸಲು ಚಪ್ಪಾಳೆ ತಟ್ಟಿ ನೋಡಿದೆವು. ಚಪ್ಪಾಳೆ ಅದಕ್ಕಿಂತ ಬಹಳ ದೊಡ್ಡದು.

ಮೌಲ್ಯಮಾಪನ

ಕೊನೆಯ ಹತ್ತು ನಿಮಿಷಕ್ಕೆ ‘ಸ್ವಂತ ವಾಕ್ಯ’ ಎಂಬ ಪ್ರಶ್ನೆಯನ್ನು ಕೈಬಿಟ್ಟೆ. ಸ್ವಂತ ವಾಕ್ಯದಲ್ಲಿ ಮಗು ಎರಡು ಹೆಸರು ಬದಲಿಸಿ ಹಲಗೆಯ ವಾಕ್ಯವನ್ನೇ ಬರೆದರೂ ನಮಗೆ ತಿಳಿಯುವುದಿಲ್ಲ. ಅದರ ಬದಲು ಸನ್ನಿವೇಶಗಳನ್ನು ಕನ್ನಡದಲ್ಲಿ ಕೊಟ್ಟು, ನುಡಿಗಟ್ಟು ಹೊಂದುತ್ತದೆಯೋ ಇಲ್ಲವೋ, ಏಕೆ ಎಂದು ಕೇಳಿದೆ. ಹೊಂದಿದರೆ ಇಂಗ್ಲಿಷಿನಲ್ಲಿ ಒಂದು ವಾಕ್ಯ, ಹೊಂದದಿದ್ದರೆ ಕಾರಣ ಕನ್ನಡದಲ್ಲಿಯೇ ಸಾಕು.

ಕಬಡ್ಡಿ ಪಂದ್ಯದಲ್ಲಿ ಎರಡು ನಿಮಿಷ ಬಾಕಿ ಇದ್ದಾಗ ಎರಡೂ ತಂಡಗಳ ಅಂಕ 28.

ಇಬ್ಬರು ಅಣ್ಣತಮ್ಮಂದಿರು ಸೇರಿ ಒಂದೇ ದಿನದಲ್ಲಿ ಹೊಲದ ಕಳೆ ಕಿತ್ತರು.

ಇಬ್ಬರು ಅಭ್ಯರ್ಥಿಗಳು ಬಹಳ ಜಿದ್ದಿನಿಂದ ಪ್ರಚಾರ ಮಾಡಿದರು. ಒಬ್ಬರು ನಲವತ್ತು ಸಾವಿರ ಮತಗಳಿಂದ ಗೆದ್ದರು.

ಎರಡು ಅದಿರಿನ ಲಾರಿಗಳು ಒಂದರ ಹಿಂದೆ ಒಂದು ಘಾಟ್ ಇಳಿಯುತ್ತಿವೆ.

ಕಿರುಪರೀಕ್ಷೆಯಲ್ಲಿ ಇಬ್ಬರು ಗೆಳತಿಯರಲ್ಲಿ ಒಮ್ಮೆ ಇವಳಿಗೆ ಒಂದು ಅಂಕ ಹೆಚ್ಚು, ಒಮ್ಮೆ ಅವಳಿಗೆ.

ಮೂರನೆಯದರಲ್ಲಿಯೇ ಹೆಚ್ಚು ಮಂದಿ ಎಡವಿದರು. ಜಿದ್ದಿನ ಬಿಸಿ ಇನ್ನೂ ಅಂತರವನ್ನು ಮುಚ್ಚಿಬಿಡುತ್ತಿತ್ತು. ಮುಂದೆ ಈ ಪಾಠ ಮಾಡುವವರು ‘ಜಿದ್ದಾಜಿದ್ದಿ’ ಮತ್ತು ‘ಸಮಸಮ’ ಎರಡನ್ನೂ ಹಲಗೆಯ ಮೇಲೆ ಬೇರೆ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಮೊದಲೇ ಬಿಡಿಸಿದರೆ ಒಳ್ಳೆಯದು. ನಾನು ಅದನ್ನು ಮಾಡಿರಲಿಲ್ಲ. ಐದನೆಯದಕ್ಕೆ ಹೌದು ಎಂದವರೂ ಇದ್ದರು, ಅಲ್ಲ ಎಂದವರೂ ಇದ್ದರು. ಕಾರಣ ಬರೆದವರಿಗೆಲ್ಲ ಅಂಕ ಕೊಟ್ಟೆ.

ಆ ಹುಡುಗ ಎರಡನೆಯ ಸನ್ನಿವೇಶಕ್ಕೆ ಬರೆದದ್ದು ಇಷ್ಟು: ‘ಅಲ್ಲ. ಇಬ್ಬರೂ ಒಂದ ನೊಗದಾಗ ಅದಾರ.’ ಮೊದಲನೆಯದಕ್ಕೆ ಬರೆದ ಇಂಗ್ಲಿಷ್ ವಾಕ್ಯದಲ್ಲಿ ‘ಟು’ ಎಂದು ಬರೆದು, ಅದನ್ನು ಹೊಡೆದು, ಮೇಲೆ ಸಣ್ಣದಾಗಿ ‘ಆ್ಯಂಡ್’ ಸೇರಿಸಿದ್ದ.